ಗಣಕಯಂತ್ರ ಕೇಳಿದ ಕೊನೆಯ ಹೆಸರು

ನಿವೃತ್ತನಾದ ಮೇಲೆ ಕಾಲ ಹೇಗೆ ಕಳೆಯುತ್ತೀರೆಂದು ಬಂಧುಗಳು ಕೇಳುವುದುಂಟು. ಬೇಗೂರಿನ ಒಂದು ಪ್ರೌಢಶಾಲೆಯ ಗಣಕಯಂತ್ರದ ಕೊಠಡಿಯಲ್ಲಿ ವಾರಕ್ಕೆ ಮೂರು ಮಧ್ಯಾಹ್ನ ಕುಳಿತಿರುತ್ತೇನೆ ಎಂದರೆ ನಗುತ್ತಾರೆ. ಮೂವತ್ತನಾಲ್ಕು ವರ್ಷ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಕಲಿಸಿದವನಿಗೆ ಅಲ್ಲೇನು ಕೆಲಸವೆಂಬುದು ಅವರ ಸಂದೇಹ. ನಿಜ ಹೇಳಬೇಕೆಂದರೆ ನನ್ನ ಕೆಲಸ ಬಾಗಿಲು ತೆರೆಯುವುದು, ಬಾಗಿಲು ಮುಚ್ಚುವುದು, ನಡುವೆ ಗದ್ದಲವಾಗದಂತೆ ನೋಡಿಕೊಳ್ಳುವುದು, ಅಷ್ಟೇ. ಆದರೆ 2024ರ ಜೂನ್ ತಿಂಗಳಲ್ಲಿ ಇದಕ್ಕಿಂತ ದೊಡ್ಡ ಕೆಲಸವೊಂದಕ್ಕೆ ನಾನು ಕೈಹಾಕಬೇಕಾಯಿತು. ಅದರ ಕಥೆಯನ್ನು ಹೇಳುತ್ತೇನೆ. ಕಥೆಯ ಅರ್ಧಭಾಗ ಯಂತ್ರದ್ದು, ಇನ್ನರ್ಧ ನನ್ನದೇ ಒಂದು ಹಳೆಯ ತಪ್ಪಿನದು.

ಆ ಕೊಠಡಿಯಲ್ಲಿ ಇಪ್ಪತ್ತೆರಡು ಗಣಕಯಂತ್ರಗಳಿವೆ. ಎಲ್ಲವೂ ಯಾವುದೋ ಕಚೇರಿಯಲ್ಲಿ ದುಡಿದು ದಣಿದು, ದಾನವಾಗಿ ಬಂದವು. ಅವುಗಳಲ್ಲಿ ಲಿನಕ್ಸ್ ಓಡುತ್ತದೆ. ಎಲ್ಲ ಮಕ್ಕಳೂ ‘ಸ್ಟೂಡೆಂಟ್’ ಎಂಬ ಒಂದೇ ಖಾತೆಯಿಂದ ಒಳಗೆ ಹೋಗುತ್ತಿದ್ದರು, ಎಲ್ಲರಿಗೂ ಒಂದೇ ಗುಪ್ತಪದ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನಮ್ಮ ಊರಿನ ವೀರಗಲ್ಲಿನ ಬಗ್ಗೆ ಹನ್ನೊಂದು ಪುಟ ಬರೆದಿಟ್ಟಿದ್ದಳು. ಬೇಗೂರಿನ ನಾಗೇಶ್ವರ ದೇವಾಲಯದ ಆ ಕಲ್ಲನ್ನು ನೀವು ಕೇಳಿರಬಹುದು. ಸುಮಾರು ಕ್ರಿ.ಶ. 890ರದು, ಗಂಗರ ಕಾಲದ್ದು. ‘ಬೆಂಗಳೂರು’ ಎಂಬ ಹೆಸರು ಕಲ್ಲಿನ ಮೇಲೆ ಬಿದ್ದಿರುವುದು ಅಲ್ಲಿ. ಬೆಂಗಳೂರು ಕಾಳಗದಲ್ಲಿ ನಾಗತ್ತರನ ಕಡೆಯವನೊಬ್ಬ ಮಡಿದನೆಂದು ಅದು ಹೇಳುತ್ತದೆ. ಹುಡುಗಿ ಮೂರು ಭಾನುವಾರ ದೇವಾಲಯಕ್ಕೆ ಹೋಗಿ ಚಿತ್ರ ಬರೆದುಕೊಂಡು ಬಂದಿದ್ದಳು. ಒಂದು ಸೋಮವಾರ ನೋಡಿದರೆ ಕಡತವೇ ಇಲ್ಲ. ಆಟವೊಂದಕ್ಕೆ ಜಾಗ ಸಾಲದೆಂದು ಯಾರೋ ಅಳಿಸಿದ್ದರು. ಯಾರು? ಎಲ್ಲರೂ ‘ಸ್ಟೂಡೆಂಟ್’. ಯಂತ್ರದ ಕಣ್ಣಿಗೆ ಬರೆದವಳೂ ಅಳಿಸಿದವನೂ ಒಬ್ಬರೇ!

ಹುಡುಗಿ ಅಳಲಿಲ್ಲ. “ಸಾರ್, ಅದು ನನ್ನ ಹೆಸರಿನಲ್ಲಿ ಇದ್ದಿದ್ದರೆ ಉಳಿಯುತ್ತಿತ್ತಾ?” ಎಂದು ಮಾತ್ರ ಕೇಳಿದಳು.

ಉಳಿಯುತ್ತಿತ್ತು. ಪ್ರತಿ ಮಗುವಿಗೂ ಒಂದೊಂದು ಖಾತೆ ಬೇಕು, ಅದು ಇಪ್ಪತ್ತೆರಡರಲ್ಲಿ ಯಾವ ಯಂತ್ರದ ಮುಂದೆ ಕುಳಿತರೂ ನಡೆಯಬೇಕು ಎಂದು ನನಗೂ ತಿಳಿದಿತ್ತು. ಹೇಗೆಂಬುದು ತಿಳಿದಿರಲಿಲ್ಲ. ಆಗ ನೆನಪಾದವನು ನನ್ನ ಹಳೆಯ ವಿದ್ಯಾರ್ಥಿ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನೂ ಇದನ್ನು ಓದುತ್ತಾನೆ. ಮೇಲಾಗಿ ಈ ಕಥೆಯಲ್ಲಿ ಅವನ ಹೆಸರೇ ವಿಷಯವಾದ್ದರಿಂದ ಬರೆಯದಿರುವುದೇ ಒಳ್ಳೆಯದು. 1991ರಲ್ಲಿ ನನ್ನ ತರಗತಿಯಿಂದ ಎಸ್.ಎಸ್.ಎಲ್.ಸಿ. ಮುಗಿಸಿದವನು. ಹಲವು ವರ್ಷ ಅಮೆರಿಕದಲ್ಲಿದ್ದು, 2018ರಲ್ಲಿ ಹಿಂತಿರುಗಿ, ಬೇಗೂರು ಕೆರೆಯ ಹತ್ತಿರದ ಒಂದು ವಸತಿ ಸಮುಚ್ಚಯದಲ್ಲಿ ಮನೆ ಮಾಡಿಕೊಂಡಿದ್ದಾನೆ. ದೂರವಾಣಿಯಲ್ಲಿ ಹೇಳಿದೆ. ಶನಿವಾರ ಮಧ್ಯಾಹ್ನ ಬಂದೇ ಬಿಟ್ಟ.

ಅವನು ಮೊದಲು ಮಾಡಿದ್ದು ನನಗೆ ಪಾಠ. ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ನನಗೆ ಅದು ತುಂಬ ಹಿಡಿಸಿತು. ಖಾತೆಗಳನ್ನು ಇಪ್ಪತ್ತೆರಡು ಯಂತ್ರಗಳಲ್ಲೂ ಬೇರೆ ಬೇರೆಯಾಗಿ ಬರೆಯುವುದು ಹುಚ್ಚುತನ. ಒಂದು ಕಡೆ ಒಂದು ದಾಖಲಾತಿ ಪುಸ್ತಕ ಇಟ್ಟು, ಮಿಕ್ಕ ಯಂತ್ರಗಳು ಅದನ್ನೇ ಕೇಳಿಕೊಳ್ಳುವಂತೆ ಮಾಡಬೇಕು. ಆ ಪುಸ್ತಕಕ್ಕೆ ಡೈರೆಕ್ಟರಿ ಎಂದು ಹೆಸರು. ಅದರೊಡನೆ ಮಾತನಾಡುವ ಭಾಷೆ ಎಲ್‌ಡಿಎಪಿ. ದೂರಸಂಪರ್ಕದ ಅಂತರರಾಷ್ಟ್ರೀಯ ಸಮಿತಿಯೊಂದು ಜಿನೀವಾದಲ್ಲಿ ಕುಳಿತು 1988ರಲ್ಲಿ ಎಕ್ಸ್. 500 ಎಂಬ ದೊಡ್ಡ ನಿಯಮಾವಳಿಯನ್ನು ಹೊರಡಿಸಿತ್ತು: ಇಡೀ ಪ್ರಪಂಚಕ್ಕೆ ಒಂದೇ ದೂರವಾಣಿ ಪುಸ್ತಕವಿದ್ದರೆ ಹೇಗಿರಬೇಕು ಎಂಬ ಕಲ್ಪನೆ ಅದು. ಸಣ್ಣ ಯಂತ್ರಗಳಿಗೆ ಅದು ಹೊರಲಾರದ ಭಾರವಾಯಿತು. 1993ರ ವೇಳೆಗೆ ಮಿಷಿಗನ್ ವಿಶ್ವವಿದ್ಯಾನಿಲಯದವರು ಅದನ್ನು ಇಳಿಸಿ ಹಗುರ ಮಾಡಿದರು. ಅದೇ ಎಲ್‌ಡಿಎಪಿ, ಹೆಸರಿನ ಮೊದಲಕ್ಷರದ ಅರ್ಥವೇ ‘ಹಗುರ’. 1998ರಲ್ಲಿ ಓಪನ್ ಎಲ್‌ಡಿಎಪಿ ಎಂಬ ಉಚಿತ ತಂತ್ರಾಂಶ ಶುರುವಾಯಿತು. ನಾವು ಹಾಕಿಕೊಂಡದ್ದು ಅದನ್ನು.

ಡೈರೆಕ್ಟರಿಯಲ್ಲಿ ಎಲ್ಲವೂ ಒಂದು ಮರದ ರೂಪದಲ್ಲಿರುತ್ತದೆ. ಬುಡದಲ್ಲಿ ಸಂಸ್ಥೆ. ಅದರಿಂದ ಕೊಂಬೆಗಳು: ಜನರದೊಂದು, ಗುಂಪುಗಳದೊಂದು. ಕೊಂಬೆಯ ತುದಿಯ ಎಲೆಯೇ ಒಬ್ಬೊಬ್ಬ ವಿದ್ಯಾರ್ಥಿ. ಪ್ರತಿ ಎಲೆಗೂ ಒಂದು ಪೂರ್ಣನಾಮವಿದೆ. ಅದನ್ನು ಎಲೆಯಿಂದ ಬುಡದ ಕಡೆಗೆ ಓದಬೇಕು. ಮೊದಲು ತಾನು, ಆಮೇಲೆ ಕೊಂಬೆ, ಕೊನೆಗೆ ಸಂಸ್ಥೆ. ಇದನ್ನು ಕೇಳಿದಾಗ ಕನ್ನಡ ಮೇಷ್ಟರಿಗೆ ತಟ್ಟನೆ ಹೊಳೆದದ್ದು ಬೇರೆಯೇ. ನಮ್ಮ ಹೆಸರುಗಳೂ ಹೀಗೆಯೇ ಅಲ್ಲವೇ, ಆದರೆ ತಿರುಗುಮುರುಗಾಗಿ? ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಊರು, ತಂದೆ, ತಾನು. ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ: ಅಲ್ಲೂ ಹಾಗೆಯೇ. ಬುಡದಿಂದ ಹೊರಟು ಎಲೆಗೆ ಬರುತ್ತೇವೆ. “ಸಾರ್, ಇದನ್ನು ನಮ್ಮ ಕಂಪನಿಯಲ್ಲಿ ಹೊಸಬರಿಗೆ ಹೇಳಬೇಕಿತ್ತು” ಎಂದ ನನ್ನ ವಿದ್ಯಾರ್ಥಿ. ಶಿಷ್ಯನಿಂದ ಮೆಚ್ಚುಗೆ ಪಡೆಯುವ ಸುಖ ನಿವೃತ್ತರಿಗೆ ಮಾತ್ರ ಗೊತ್ತು.

ಈ ಮರವನ್ನು ಬರಿಯ ಆದೇಶಗಳಿಂದ ಸಾಕುವುದು ಕಷ್ಟ. ಅವನು ಇರುವ ದಿನ ಸರಿ, ಇಲ್ಲದ ದಿನ ನಾನೇನು ಮಾಡಲಿ? ಅದಕ್ಕಾಗಿಯೇ ಎಲ್‌ಡಿಎಪಿ ಅಕೌಂಟ್ ಮ್ಯಾನೇಜರ್ ಎಂಬ ಸಲಕರಣೆಯನ್ನು ತಂದ. ಚಿಕ್ಕದಾಗಿ ‘ಲ್ಯಾಮ್’. ಜರ್ಮನಿಯ ರೋಲಾಂಡ್ ಗ್ರೂಬರ್ ಎಂಬುವರು 2003ರಿಂದ ಬೆಳೆಸಿಕೊಂಡು ಬಂದಿರುವುದು. ಬ್ರೌಸರಿನ ಪುಟದಲ್ಲೇ ಖಾತೆ ತೆರೆಯಬಹುದು, ಗುಪ್ತಪದ ಮರೆತವರಿಗೆ ಹೊಸದು ಕೊಡಬಹುದು, ಶಾಲೆ ಬಿಟ್ಟವರದನ್ನು ತೆಗೆಯಬಹುದು. ಪ್ರತಿಯೊಬ್ಬರ ವಿವರವನ್ನೂ ಮುದ್ರಿಸಿ ಕೊಡುವ ವ್ಯವಸ್ಥೆಯೂ ಇದೆ. ನೋಡಿದಾಗ ‘ಅಯ್ಯೋ, ಇದು ನಮ್ಮ ದಾಖಲಾತಿ ಗುಮಾಸ್ತರ ಮೇಜು’ ಅನ್ನಿಸಿತು.

ಅನುಸ್ಥಾಪನೆ ಒಂದೇ ಏಟಿಗೆ ಆಗಲಿಲ್ಲ. ಸರ್ವರ್ ಆಗಿ ಆರಿಸಿಕೊಂಡಿದ್ದ ಯಂತ್ರದಲ್ಲಿ ಡೆಬಿಯನ್ ಇತ್ತು. ಡೈರೆಕ್ಟರಿ ತಂತ್ರಾಂಶವನ್ನು ಹಾಕುವಾಗ ಅದು ಕೇಳಿದ್ದು ನಿರ್ವಾಹಕನ ಗುಪ್ತಪದವೊಂದನ್ನೇ. ಕೊಟ್ಟೆವು. ಸುಮ್ಮನಾಯಿತು. ಆಮೇಲೆ ನೋಡಿದರೆ ಮರದ ಬುಡದಲ್ಲಿ ‘ನೋಡೊಮೈನ್’ ಎಂದು ಬರೆದುಕೊಂಡು ಕುಳಿತಿದೆ! ಯಂತ್ರಕ್ಕೆ ನಾವು ಊರಿನ ಹೆಸರು ಇಟ್ಟಿರಲಿಲ್ಲ. ಅದು ತನ್ನನ್ನು ಊರಿಲ್ಲದವನೆಂದು ಬರೆದುಕೊಂಡಿತ್ತು. ಮತ್ತೆ ಸಂಯೋಜನೆಯ ಆದೇಶ ಕೊಟ್ಟು, ಶಾಲೆಗೆಂದು ಒಂದು ಡೊಮೈನ್ ಹೆಸರು ತುಂಬಿ, ಹಳೆಯ ಬುಡ ತೆಗೆದು ಹೊಸ ಬುಡ ಊರಿದ್ದಾಯಿತು. ಎಲೆಗಳು ಬರುವ ಮುನ್ನವೇ ಇದನ್ನು ಮಾಡಬೇಕು. ಆಮೇಲೆ ಮಾಡಹೊರಟರೆ ಎಲ್ಲರ ಪೂರ್ಣನಾಮವೂ ಬದಲಾಗಬೇಕಾಗುತ್ತದೆ.

ಎರಡನೆಯ ತೊಡಕು ಲ್ಯಾಮ್ ಪುಟದಲ್ಲಿ. ಗುಪ್ತಪದ ಸರಿಯಾಗಿ ಕೊಟ್ಟರೂ ಒಳಗೆ ಬಿಡಲೊಲ್ಲದು. ಮೂರು ಸಲ ನಾನೂ ಎರಡು ಸಲ ಅವನೂ ಬೆರಳು ನೋಡಿಕೊಂಡು ಒತ್ತಿದೆವು. ಕೊನೆಗೆ ತಿಳಿದದ್ದು: ಲ್ಯಾಮ್ ತನ್ನ ಮಾದರಿ ಸಂಯೋಜನೆಯಲ್ಲಿ ‘ಮ್ಯಾನೇಜರ್’ ಎಂಬುವನನ್ನು ನಿರ್ವಾಹಕನೆಂದು ತಿಳಿದುಕೊಂಡಿದೆ, ಡೆಬಿಯನ್ನಿನ ಡೈರೆಕ್ಟರಿ ‘ಅಡ್ಮಿನ್’ ಎಂಬುವನನ್ನು ನೇಮಿಸಿದೆ. ಇಲ್ಲದ ಮ್ಯಾನೇಜರನ ಹೆಸರಿನಲ್ಲಿ ನಾವು ಬಾಗಿಲು ತಟ್ಟುತ್ತಿದ್ದೆವು. ಸಂಯೋಜನೆಯ ಪುಟಕ್ಕೆ ಹೋಗಿ ಆ ಒಂದು ಪದವನ್ನೂ, ಮರದ ಬುಡದ ಹೆಸರನ್ನೂ ತಿದ್ದಿದ ಮೇಲೆ ಬಾಗಿಲು ತೆರೆಯಿತು. ಇದೇ ಕೆಲಸಕ್ಕೆ ಕೈಹಾಕುವವರಿಗೆ ಒಂದು ಮಾತು. ಆ ಸಂಯೋಜನೆಯ ಪುಟಕ್ಕೆ ಮೊದಲಿಗೆ ಇರುವ ಗುಪ್ತಪದ ‘ಲ್ಯಾಮ್’ ಎಂಬುದೇ. ಅದು ಜಗತ್ತಿಗೆಲ್ಲ ಗೊತ್ತು. ಮೊದಲ ನಿಮಿಷದಲ್ಲೇ ಬದಲಿಸಬೇಕು, ಹೊರಗಿನ ಜಾಲಕ್ಕೆ ಆ ಪುಟ ಕಾಣದಂತೆ ಕಟ್ಟಬೇಕು. ನಮ್ಮದು ಕೊಠಡಿಯ ಗೋಡೆಯಿಂದಾಚೆಗೆ ಕಾಣುವುದಿಲ್ಲ.

ಒಳಗೆ ಹೋದೊಡನೆ ಲ್ಯಾಮ್, ಕೊಂಬೆಗಳು ಇನ್ನೂ ಇಲ್ಲವಲ್ಲ, ಮಾಡಿಕೊಡಲೇ ಎಂದು ತಾನೇ ಕೇಳಿತು. ಮಾಡೆಂದೆವು. ಹುರುಪಿನಿಂದ ಮೊದಲ ವಿದ್ಯಾರ್ಥಿಯನ್ನು ಸೇರಿಸಹೊರಟರೆ, ಗುಂಪೇ ಇಲ್ಲ, ಮೊದಲು ಒಂದು ಗುಂಪು ಮಾಡಿ ಎಂದಿತು. ಇದಂತೂ ನನಗೆ ಮೆಚ್ಚುಗೆಯಾಯಿತು. ತರಗತಿ ಇಲ್ಲದೆ ವಿದ್ಯಾರ್ಥಿ ಎಲ್ಲಿ ಕೂರಬೇಕು? ಎಂಟು, ಒಂಬತ್ತು, ಹತ್ತು ಎಂದು ಮೂರು ಗುಂಪು ಮಾಡಿದೆವು.

ಇಷ್ಟರವರೆಗೂ ಎಲ್ಲವೂ ವಿನೋದವೇ.

“ಪರೀಕ್ಷೆಗೆ ಒಂದು ಖಾತೆ ಮಾಡಿ ನೋಡೋಣ. ನನ್ನದೇ ಹಾಕಿ ಸಾರ್” ಎಂದು ಅವನು ಕೀಲಿಮಣೆಯನ್ನು ನನ್ನ ಕಡೆಗೆ ತಳ್ಳಿದ. ನಾನು ಅವನ ಹೆಸರನ್ನು ‘ಫಸ್ಟ್ ನೇಮ್’ ಎಂಬ ಚೌಕದಲ್ಲಿ ಬೆರಳಚ್ಚಿಸಿದೆ. ಮುಂದಿನದು ‘ಲಾಸ್ಟ್ ನೇಮ್’. ಅದರ ಪಕ್ಕದಲ್ಲಿ ನಕ್ಷತ್ರ. ಖಾಲಿ ಬಿಟ್ಟು ಉಳಿಸಲು ಹೋದೆ. ಬಿಡಲಿಲ್ಲ.

“ಇದು ಲ್ಯಾಮಿನ ಹಟವಲ್ಲ ಸಾರ್. ಡೈರೆಕ್ಟರಿಯ ನಿಯಮವೇ ಹಾಗೆ” ಎಂದ. ವ್ಯಕ್ತಿ ಎಂಬುದರ ವ್ಯಾಖ್ಯೆಯಲ್ಲಿ ಎರಡು ಅಂಶಗಳು ಕಡ್ಡಾಯವಂತೆ: ಪೂರ್ತಿ ಹೆಸರು ಒಂದು, ಕುಟುಂಬದ ಹೆಸರು ಇನ್ನೊಂದು. ಕೊಡುವ ಹೆಸರು, ಅಂದರೆ ತೊಟ್ಟಿಲಲ್ಲಿಟ್ಟು ಕರೆದದ್ದು, ಇದ್ದರೂ ಸರಿ ಇಲ್ಲದಿದ್ದರೂ ಸರಿ! ಜಿನೀವಾದವರ ಕಾಲದಿಂದ ಇಳಿದು ಬಂದ ವ್ಯಾಖ್ಯೆ ಇದು. ದೂರವಾಣಿ ಪುಸ್ತಕ ಎಂದೊಡನೆ ಅವರ ಕಣ್ಣಮುಂದೆ ಬಂದದ್ದು ಕುಟುಂಬನಾಮದ ಅಕಾರಾದಿ. ಅವರನ್ನು ದೂಷಿಸುವುದೂ ಸರಿಯಲ್ಲ. ಆದರೆ ಯೂರೋಪಿನಲ್ಲೇ ಐಸ್‌ಲೆಂಡಿನವರು ದೂರವಾಣಿ ಪುಸ್ತಕವನ್ನು ಕೊಟ್ಟ ಹೆಸರಿನ ಕ್ರಮದಲ್ಲಿ ಅಚ್ಚು ಹಾಕುತ್ತಿದ್ದರು, ಏಕೆಂದರೆ ಅಲ್ಲಿ ಸಾಮಾನ್ಯವಾಗಿ ಕುಟುಂಬದ ಹೆಸರಿಲ್ಲ; ತಂದೆಯ ಅಥವಾ ತಾಯಿಯ ಹೆಸರಿಗೆ ಮಗ, ಮಗಳು ಎಂದು ಸೇರಿಸುತ್ತಾರೆ. ಇಂಡೊನೇಷ್ಯಾವನ್ನು ಆಳಿದ ಸುಕಾರ್ನೊ, ಸುಹಾರ್ತೊ ಇಬ್ಬರಿಗೂ ಇದ್ದದ್ದು ಒಂದೊಂದೇ ಹೆಸರು. ನಮ್ಮಲ್ಲಿಯೇ ಉತ್ತರ ಕರ್ನಾಟಕದವರಿಗೆ ಅಡ್ಡಹೆಸರಿದೆ, ಬೇಂದ್ರೆಯವರ ಬೇಂದ್ರೆ ಇದ್ದಂತೆ. ಹಳೆ ಮೈಸೂರಿನವರಿಗೆ ಇನಿಷಿಯಲ್ಲು. ತೆಲುಗರಲ್ಲಿ ಮನೆಯ ಹೆಸರು ಮುಂದೆಯೇ ಬರುತ್ತದೆ; ವಿಶ್ವೇಶ್ವರಯ್ಯನವರ ಮೋಕ್ಷಗುಂಡಂ ಹಾಗೆ ಬಂದದ್ದು. ಪುಟ್ಟಪ್ಪನವರನ್ನು ಈ ಚೌಕದ ಮುಂದೆ ನಿಲ್ಲಿಸಿದರೆ ‘ಕೊನೆಯ ಹೆಸರು’ ಪುಟ್ಟಪ್ಪ ಎಂದಾಗುತ್ತದೆ. ಅದು ಅವರ ಸ್ವಂತ ಹೆಸರು!

ಹೀಗೆ ಭಾಷಣ ಬಿಗಿಯುತ್ತಾ ನಾನು ಆ ಚೌಕದಲ್ಲಿ ಅವನ ಇನಿಷಿಯಲ್ ‘ಕೆ’ ಎಂದು ಹಾಕಿದೆ. ಮೂವತ್ತಮೂರು ವರ್ಷವಾದರೂ ನನ್ನ ಮಕ್ಕಳ ಇನಿಷಿಯಲ್ ನನಗೆ ನೆನಪಿರುತ್ತದೆಂದು ಸ್ವಲ್ಪ ಜಂಬವೂ ಇತ್ತು.

ಅವನು ಸ್ವಲ್ಪ ಹೊತ್ತು ಪರದೆ ನೋಡಿದ. ಆಮೇಲೆ, ಬೇಸರದ ಒಂದು ಎಳೆಯೂ ಇಲ್ಲದೆ, “ಅದು ನೀವು ಹಾಕಿದ್ದು ಸಾರ್” ಎಂದ.

ನನಗೆ ತಿಳಿಯಲಿಲ್ಲ. ಈಗ ಹಾಕಿದ್ದು ನಾನೇ ತಾನೆ ಎಂದೆ.

“ಈಗಲ್ಲ. ಆವಾಗ.”

ನಿಧಾನವಾಗಿ ಅವನು ನೆನಪಿಸಿದಂತೆ ನನಗೆ ಒಂದೊಂದಾಗಿ ಕಾಣತೊಡಗಿತು. 1990ರ ಕೊನೆ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ನಾಮಿನಲ್ ರೋಲ್ ತಯಾರಿಸುವ ಕಾಲ. ತರಗತಿಯ ಅಧ್ಯಾಪಕನಾಗಿ ನಾನು ದಾಖಲಾತಿ ಪುಸ್ತಕವನ್ನೂ ವರ್ಗಾವಣೆ ಪತ್ರಗಳನ್ನೂ ಹರಡಿಕೊಂಡು ಕುಳಿತಿದ್ದೆ. ಈ ಹುಡುಗನ ಹೆಸರಿನ ಮುಂದೆ ‘ಎಸ್’ ಎಂದಿತ್ತು. ತಂದೆಯ ಹೆಸರಿನ ಅಂಕಣ ನೋಡಿದರೆ ಅದು ‘ಕೆ’ಯಿಂದ ಶುರುವಾಗುವ ಹೆಸರು. ಊರಿನ ಹೆಸರಿನಲ್ಲೂ ‘ಎಸ್’ ಇಲ್ಲ. ಪ್ರಾಥಮಿಕ ಶಾಲೆಯವರ ಅಲಕ್ಷ್ಯವೆಂದು ನಾನು ತೀರ್ಮಾನಿಸಿದೆ. ಕೆಂಪು ಶಾಯಿಯಲ್ಲಿ ಎಸ್ ಹೊಡೆದು ಕೆ ಬರೆದೆ. ಅಂಥ ತಪ್ಪುಗಳನ್ನು ಹಿಡಿಯುವುದರಲ್ಲಿ ನನಗೆ ಹೆಸರಿತ್ತು.

‘ಎಸ್’ ಅವನ ತಾಯಿಯದು. ಮಗುವಿಗೆ ಎರಡು ವರ್ಷವಾಗುವ ಮುನ್ನವೇ ಗಂಡ ಬಿಟ್ಟುಹೋಗಿದ್ದ. ಒಂದನೆಯ ತರಗತಿಗೆ ಸೇರಿಸುವಾಗ ಆಕೆ ಹೆಡ್‌ಮಾಸ್ಟರರಿಗೆ ‘ನನ್ನ ಹೆಸರೇ ಹಾಕಿ ಸ್ವಾಮಿ’ ಎಂದು ಕೇಳಿಕೊಂಡಿದ್ದರು. ಆ ಪುಣ್ಯಾತ್ಮ ಹಾಕಿದ್ದರು. ಹೊಸೂರು ರಸ್ತೆಯ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿ ಮಗನನ್ನು ಓದಿಸಿದ ಹೆಂಗಸು. ನಾನು ತಿದ್ದಿದ್ದು ತಿಳಿದು ಒಂದು ದಿನ ಅರ್ಧ ಸಂಬಳ ಬಿಟ್ಟು ಶಾಲೆಗೆ ಬಂದರಂತೆ. ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತು ಕೇಳಿದರಂತೆ. ನಾನು, ತಲೆ ಎತ್ತದೆ, “ನಿಯಮ ಹಾಗಿದೆ ಅಮ್ಮಾ, ತಂದೆಯದೇ ಬರಬೇಕು” ಎಂದೆನಂತೆ.

‘ಅಂತೆ’ ಎಂದು ಬರೆಯುತ್ತಿದ್ದೇನೆ, ಏಕೆಂದರೆ ಬಾಗಿಲಲ್ಲಿ ನಿಂತ ಆ ತಾಯಿ ನನಗೆ ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಶಾಯಿಯ ಬಣ್ಣ ನೆನಪಿದೆ. ಹೊಡೆದ ಗೆರೆ ಎಷ್ಟು ನೇರವಾಗಿತ್ತೆಂಬುದೂ ನೆನಪಿದೆ. ನಾನು ಹೇಳಿದಂಥ ನಿಯಮ ನಿಜವಾಗಿ ಇದೆಯೇ ಎಂದು ಯಾವ ಸುತ್ತೋಲೆಯನ್ನೂ ನಾನು ನೋಡಿರಲಿಲ್ಲ. ಎಲ್ಲರೂ ಹಾಗೆಯೇ ಬರೆಯುತ್ತಿದ್ದರು. ಆದ್ದರಿಂದ ಅದು ನಿಯಮ.

ಅಲ್ಲಿಂದ ಮುಂದಿನದನ್ನೂ ಅವನೇ ಹೇಳಿದ. ಅಂಕಪಟ್ಟಿಯಲ್ಲಿ ಕೆ ಬಂತು. ಅಂಕಪಟ್ಟಿಯ ಹೆಸರನ್ನು ಆಮೇಲೆ ತಿದ್ದಿಸುವುದು ಬಡವರ ಕೆಲಸವಲ್ಲ. ಕಾಲೇಜಿನಲ್ಲಿ ಕೆ. ಪದವಿಯಲ್ಲಿ ಕೆ. ಪಾಸ್‌ಪೋರ್ಟ್ ಮಾಡಿಸುವಾಗ ಅಕ್ಷರ ಸಾಲದು, ಬಿಡಿಸಿ ಬರೆಯಿರಿ ಎಂದರು. ಕೆ ಬಿಚ್ಚಿಕೊಂಡು ತಂದೆಯ ಪೂರ್ತಿ ಹೆಸರಾಯಿತು. ಕುಟುಂಬನಾಮದ ಜಾಗ ಖಾಲಿ ಬಿಟ್ಟರೆ ವಿದೇಶದಲ್ಲಿ ತೊಂದರೆ ಎಂದು ಯಾರೋ ಹೇಳಿದ್ದರಿಂದ ಅದನ್ನೇ ಅಲ್ಲಿ ಹಾಕಿದ. ತೊಂದರೆಯೆಂಬುದು ಸುಳ್ಳೂ ಅಲ್ಲ. ಅಮೆರಿಕದ ಕಾಗದಗಳಲ್ಲಿ ಒಂದೇ ಹೆಸರಿನವರ ಮುಂದೆ ‘ಮೊದಲ ಹೆಸರು ಗೊತ್ತಿಲ್ಲ’ ಎಂಬುದರ ಮೂರಕ್ಷರ ಬಿದ್ದು, ಜನ ಅದನ್ನೇ ಹೆಸರೆಂದು ಕರೆದದ್ದುಂಟು. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನದವರು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲವೆಂದೇ ಹೇಳಿದರು. ಇವನಿಗೆ ಅಲ್ಲಿ ಮಗಳು ಹುಟ್ಟಿದಾಗ ಆಸ್ಪತ್ರೆಯ ಅರ್ಜಿಯಲ್ಲಿ ಮತ್ತದೇ ಚೌಕ. ಕುಟುಂಬದ ಹೆಸರು: ತಂದೆಯದೇ.

“ನಮ್ಮ ಮಗಳನ್ನು ಅಲ್ಲಿ ಶಾಲೆಯಲ್ಲಿ ಮಿಸ್ ಎಂದು ಸೇರಿಸಿ ಕರೆಯುತ್ತಿದ್ದುದು ಆ ಹೆಸರಿನಿಂದಲೇ ಸಾರ್. ಅವಳು ಅವರನ್ನು ನೋಡಿಲ್ಲ. ನಾನೂ ನೋಡಿಲ್ಲ ಎಂದೇ ಲೆಕ್ಕ. ಅಮ್ಮ ಫೋನಿನಲ್ಲಿ ಅದನ್ನು ಕೇಳಿಸಿಕೊಂಡಾಗಲೆಲ್ಲ ಸುಮ್ಮನಾಗಿಬಿಡುತ್ತಿದ್ದರು.”

ನನ್ನಲ್ಲಿ ಮಾತಿರಲಿಲ್ಲ. ‘ಕೆ’ಯನ್ನು ಅಳಿಸಿದೆ. ಕೈ ನಡುಗಿ ಪಕ್ಕದ ಚೌಕದಲ್ಲಿದ್ದುದೂ ಅಳಿಸಿಹೋಯಿತು. ಮತ್ತೆ ಬೆರಳಚ್ಚಿಸಿದೆ. ಕೊನೆಯ ಹೆಸರಿನಲ್ಲಿ ಅವನ ತಾಯಿಯ ಹೆಸರನ್ನು ಪೂರ್ತಿಯಾಗಿ, ಕನ್ನಡದಲ್ಲಿ ಬರೆದೆ. ಹೌದು, ಕನ್ನಡದಲ್ಲಿ, ಆ ಚೌಕಗಳು ಯೂನಿಕೋಡ್ ಅಕ್ಷರಗಳನ್ನು ಒಪ್ಪುತ್ತವೆ. ಒಳಹೋಗುವ ಬಳಕೆದಾರನಾಮ, ಕಡತಗಳ ಮನೆಯ ವಿಳಾಸ ಇವೆರಡನ್ನು ಮಾತ್ರ ನಾವು ಇಂಗ್ಲಿಷ್ ಅಕ್ಷರಗಳಲ್ಲಿಟ್ಟೆವು. ಉಳಿಸು ಎಂದು ಒತ್ತಿದೆ. ಉಳಿಯಿತು. ಲ್ಯಾಮ್ ಅವನಿಗೆ ಕೊಟ್ಟ ಸಂಖ್ಯೆ 10000. ಬಳಕೆದಾರರ ಎಣಿಕೆ ಅಲ್ಲಿಂದ ಶುರುವಾಗುತ್ತದೆ.

ಆ ದಿನ ಕೆಲಸ ಅಲ್ಲಿಗೇ ನಿಂತಿತು. ಮುಂದಿನ ಶನಿವಾರ ಮಕ್ಕಳ ಪಟ್ಟಿಯ ವಿಚಾರಕ್ಕೆ ಬಂದೆವು. ಒಟ್ಟು 286 ಮಕ್ಕಳು. ಒಬ್ಬೊಬ್ಬರನ್ನಾಗಿ ತುಂಬಬೇಕಾಗಿಲ್ಲ; ಪಟ್ಟಿಯನ್ನು ಕೋಷ್ಟಕದಲ್ಲಿ ಸಿದ್ಧಪಡಿಸಿ ಒಟ್ಟಿಗೆ ಏರಿಸುವ ಅನುಕೂಲ ಲ್ಯಾಮಿನಲ್ಲಿದೆ. ಆದರೆ ಅಲ್ಲೂ ಕೊನೆಯ ಹೆಸರಿನ ಅಂಕಣ ಕಡ್ಡಾಯ. ದಾಖಲಾತಿ ಪುಸ್ತಕದಲ್ಲಿ ಹೆಚ್ಚಿನವರಿಗೆ ಇರುವುದು ಒಂದು ಹೆಸರು, ಒಂದು ಅಕ್ಷರ. ಅಕ್ಷರವನ್ನೇ ಹಾಕಿಬಿಡೋಣವೆಂದು ಮೊದಲು ಪ್ರಯತ್ನಿಸಿದೆವು. ಲ್ಯಾಮ್ ತಾನಾಗಿ ಬಳಕೆದಾರನಾಮ ಸೂಚಿಸುವಾಗ ಮೊದಲ ಹೆಸರಿನ ಮೊದಲಕ್ಷರಕ್ಕೆ ಕೊನೆಯ ಹೆಸರನ್ನು ಪೂರ್ತಿ ಅಂಟಿಸುತ್ತದೆ. ಪರಿಣಾಮ: ಎಚ್. ಮಂಜುನಾಥನೂ ಎಚ್. ಮಹದೇವನೂ ಎಚ್. ಮೀನಾಕ್ಷಿಯೂ ಎಲ್ಲರೂ ‘ಎಂಎಚ್’! ಮತ್ತೆ ‘ಸ್ಟೂಡೆಂಟ್’ ಖಾತೆಯ ಪುನರ್ಜನ್ಮ. ಬೆನ್ನಿಗೆ ಅಂಕಿ ಹಚ್ಚಿ ಬೇರೆ ಮಾಡುತ್ತದೆ, ನಿಜ. ಮಕ್ಕಳು ಯಾರ ಅಂಕಿ ಯಾರದೆಂದು ಜಗಳವಾಡುತ್ತಾರೆ. ಬಳಕೆದಾರನಾಮಕ್ಕೆ ದಾಖಲಾತಿ ಸಂಖ್ಯೆಯನ್ನೇ ಬಳಸುವುದೆಂದು ಗೊತ್ತುಮಾಡಿದೆವು, ಮುಂದೆ ಒಂದು ಅಕ್ಷರ ಸೇರಿಸಿ.

ಕೊನೆಯ ಹೆಸರಿಗೆ? ಅವನು ಹೇಳಿದ: “ಕೇಳಿಯೇ ಬರೆಯೋಣ ಸಾರ್.”

ಮುಖ್ಯೋಪಾಧ್ಯಾಯಿನಿಯವರು ಸ್ವಲ್ಪ ಅಳುಕಿದರು. ಸರ್ಕಾರದ ವಿದ್ಯಾರ್ಥಿ ದಾಖಲೆಗಳಲ್ಲಿ ಇರುವ ಹೆಸರಿಗೂ ಇದಕ್ಕೂ ವ್ಯತ್ಯಾಸ ಬಂದರೆ ಗತಿಯೇನು? ಅವರ ಅಳುಕು ಸರಿಯಾದದ್ದೇ. ಇದು ಈ ಕೊಠಡಿಯ ಒಳಗಿನ ಖಾತೆ ಮಾತ್ರ, ಯಾವ ಪ್ರಮಾಣಪತ್ರಕ್ಕೂ ಇಲ್ಲಿಂದ ಹೆಸರು ಹೋಗುವುದಿಲ್ಲ ಎಂದು ಬರೆದುಕೊಟ್ಟ ಮೇಲೆ ಒಪ್ಪಿದರು.

ಪ್ರತಿ ತರಗತಿಗೂ ಹೋಗಿ ಸಣ್ಣ ಚೀಟಿಗಳನ್ನು ಹಂಚಿದೆ. “ನಿಮ್ಮ ಹೆಸರಿನ ಜೊತೆಗೆ ಇನ್ನೊಂದು ಹೆಸರು ಬರಬೇಕು. ಏನು ಬರಬೇಕೆಂದು ನೀವೇ ಬರೆಯಿರಿ. ಪಕ್ಕದವರ ಚೀಟಿ ನೋಡಬೇಡಿ.” ಪರೀಕ್ಷೆಗಿಂತ ಹೆಚ್ಚಿನ ಮೌನ. ಬೇಗೂರು ಈಗ ನಾನು ಮೊದಲು ಕಂಡ ಹಳ್ಳಿಯಲ್ಲ. 2007ರಲ್ಲಿ ಬೊಮ್ಮನಹಳ್ಳಿ ಮತ್ತು ಸುತ್ತಲಿನ ಹಳ್ಳಿಗಳು ಮಹಾನಗರ ಪಾಲಿಕೆಯೊಳಗೆ ಸೇರಿದ ಮೇಲೆ ಎಲ್ಲೆಲ್ಲಿಂದಲೋ ಜನ ಬಂದಿದ್ದಾರೆ. ಕಟ್ಟಡದ ಕೆಲಸಕ್ಕೆ ಯಾದಗಿರಿ, ರಾಯಚೂರಿನಿಂದ ಬಂದವರ ಮಕ್ಕಳು ಮನೆತನದ ಹೆಸರು ಬರೆದರು. ಒಬ್ಬ ತನ್ನ ಊರಿನ ಹೆಸರು ಬರೆದ, ಈಗ ಅಲ್ಲಿ ಅವರಿಗೆ ಮನೆಯಿಲ್ಲ. ಹೆಚ್ಚಿನವರು ತಂದೆಯ ಹೆಸರು ಬರೆದರು, ಸಂತೋಷವಾಗಿ. ಹತ್ತೊಂಬತ್ತು ಮಕ್ಕಳು ತಾಯಿಯ ಹೆಸರು ಬರೆದಿದ್ದರು. ಇಬ್ಬರು ಅಜ್ಜಿಯದು. ಒಬ್ಬ ಕ್ರಿಕೆಟ್ ಆಟಗಾರನ ಹೆಸರು ಬರೆದು ಬೈಸಿಕೊಂಡು ಚೀಟಿ ಬದಲಿಸಿದ. ವೀರಗಲ್ಲಿನ ಹುಡುಗಿ ‘ಬೇಗೂರು’ ಎಂದು ಬರೆದಿದ್ದಳು. ಒಂದು ಚೀಟಿ ಖಾಲಿ ಬಂತು. ಆ ಹುಡುಗನನ್ನು ಕರೆದು ಕೇಳಿದೆ. “ನನಗೆ ಒಂದೇ ಸಾಕು ಸಾರ್” ಎಂದ. ಯಂತ್ರ ಬಿಡುವುದಿಲ್ಲವಲ್ಲ! ಅವನ ಹೆಸರನ್ನೇ ಎರಡೂ ಚೌಕಗಳಲ್ಲಿ ಬರೆದೆವು. ಪರದೆಯ ಮೇಲೆ ಎರಡೆರಡು ಸಲ ತನ್ನ ಹೆಸರು ನೋಡಿ ಅವನಿಗೆ ತುಂಬ ಖುಷಿ.

ಪಟ್ಟಿಯನ್ನು ಬೆರಳಚ್ಚಿಸಲು ನನಗೆ ಐದು ಮಧ್ಯಾಹ್ನ ಹಿಡಿಯಿತು. ಪ್ರತಿ ಹೆಸರನ್ನೂ ಚೀಟಿಯೊಡನೆ ಎರಡು ಸಲ ತಾಳೆ ನೋಡಿದೆ. ಏರಿಸಿದ್ದು ಕೆಲವೇ ನಿಮಿಷ. ಮಿಕ್ಕದ್ದು, ಯಂತ್ರಗಳಿಗೆಲ್ಲ ಡೈರೆಕ್ಟರಿಯನ್ನು ಪರಿಚಯಿಸುವುದು, ಕಡತಗಳ ಮನೆಯನ್ನು ಸರ್ವರಿನಲ್ಲಿ ಕಟ್ಟುವುದು, ರಾತ್ರಿಗೊಮ್ಮೆ ಇಡೀ ಮರದ ನಕಲು ತೆಗೆದಿಡುವುದು, ಎಲ್ಲವನ್ನೂ ಅವನೇ ಒಂದು ಭಾನುವಾರ ಕುಳಿತು ಮುಗಿಸಿದ.

ಆ ಭಾನುವಾರ ಸಂಜೆ ನಾನು ಅವನ ಜೊತೆಗೆ ಅವನ ಮನೆಗೆ ಹೋದೆ. ಹೋಗಬೇಕೆಂದು ನಾನೇ ಕೇಳಿಕೊಂಡದ್ದು. ಅವನ ತಾಯಿಗೆ ಈಗ ಎಪ್ಪತ್ತು ದಾಟಿದೆ. ಮಹಡಿಯ ಮೇಲಿನ ಬಾಲ್ಕನಿಯಲ್ಲಿ ಕೆರೆಯ ಕಡೆ ಮುಖಮಾಡಿ ಕುಳಿತಿದ್ದರು. ನನ್ನ ಗುರುತು ಹತ್ತಿತು.

“ನಿಯಮ ಅಂದಿದ್ರಿ ನೀವು” ಎಂದರು.

“ಅಂಥ ನಿಯಮ ಇರಲಿಲ್ಲಮ್ಮ” ಎಂದೆ.

“ಇರಲಿಲ್ಲ ಅಂತ ಆವತ್ತೇ ಅನ್ನಿಸಿತ್ತು. ಮೇಷ್ಟ್ರನ್ನ ಎದುರು ಕೇಳೋದು ಹೆಂಗೆ ಅಂತ ಬಂದುಬಿಟ್ಟೆ.” ಆಮೇಲೆ ಸೊಸೆಯನ್ನು ಕರೆದು ನನಗೆ ಕಾಫಿಗೆ ಹೇಳಿದರು, ಸಕ್ಕರೆ ಎಷ್ಟೆಂದು ವಿಚಾರಿಸಿದರು. ಆ ವಿಷಯ ಮತ್ತೆ ಎತ್ತಲಿಲ್ಲ. ನಾನು ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಹೋಗಿದ್ದ ವಾಕ್ಯವನ್ನು ಎದ್ದು ಹೊರಡುವಾಗ, ಚಪ್ಪಲಿ ಹಾಕಿಕೊಳ್ಳುತ್ತಾ, ಅರ್ಧಂಬರ್ಧ ಹೇಳಿದೆ. ಅವರಿಗೆ ಕೇಳಿಸಿತೋ ಇಲ್ಲವೋ.

ಜುಲೈ ಮೊದಲ ವಾರದಲ್ಲಿ ಮಕ್ಕಳು ತಮ್ಮ ತಮ್ಮ ಹೆಸರಿನಿಂದ ಒಳಗೆ ಹೋದರು. ಮೊದಲ ದಿನವೇ ನಲವತ್ತು ಜನ ಗುಪ್ತಪದ ಮರೆತರು. ನಾನು ಲ್ಯಾಮ್ ತೆರೆದು ಒಬ್ಬೊಬ್ಬರಿಗೂ ಹೊಸದು ಕೊಟ್ಟೆ. ವೀರಗಲ್ಲಿನ ಹುಡುಗಿ ಹನ್ನೊಂದು ಪುಟಗಳನ್ನು ಮತ್ತೆ ಬರೆಯಲು ಶುರುಮಾಡಿದಳು. ಈ ಸಲ ಹದಿನಾಲ್ಕಾಯಿತು.

ಎಲ್ಲ ಸುಗಮವಾದ ಮೇಲೆ ನನ್ನ ವಿದ್ಯಾರ್ಥಿ ಪಟ್ಟಿಯನ್ನು ನೋಡುತ್ತಾ, “ಸಾರ್, ಮೊದಲನೆಯದು ಪರೀಕ್ಷೆಗೆ ಮಾಡಿದ್ದು. ಬೇಡದ ಖಾತೆ ಇಟ್ಟುಕೊಳ್ಳಬಾರದು, ಅಳಿಸಿಬಿಡಿ” ಎಂದ. ವೃತ್ತಿಯವನ ಮಾತು, ಸರಿಯಾದದ್ದೇ. ನಾನು 10000ನೆಯವನ ಮೇಲೆ ಒತ್ತಿ ಅಳಿಸು ಎಂದೆ. ಖಚಿತವೇ ಎಂದು ಲ್ಯಾಮ್ ಕೇಳಿತು. ರದ್ದು ಮಾಡಿದೆ.

“ಶನಿವಾರ ಬಂದಾಗ ನೀನು ಯಾವ ಹೆಸರಿನಿಂದ ಒಳಗೆ ಹೋಗುತ್ತೀಯಪ್ಪ?” ಎಂದೆ.

ಅವನು ಆ ಖಾತೆಯಿಂದಲೇ ಹೋಗುತ್ತಿದ್ದಾನೆ.